ಮೆಟ್ರಿಕ್ ಪಾಸಾಗದ ಮಹನೀಯರು – ಡಿ.ವಿ.ಜಿ.

ಡಿಸೆಂಬರ್ ತಿಂಗಳು ಬಂತೆಂದರೆ ನಮ್ಮ ಸ್ವಾನ್ ವ್ಯಾಲಿಯ ಭಾರತೀಯ ಮನೆಗಳಲ್ಲಿ ಒಂದೇ ಮಾತು. ಹನ್ನೆರಡನೆಯ ತರಗತಿ ಮುಗಿಸಿದ ಮಕ್ಕಳಿಗೆ ಎಟಾರ್ ಎಷ್ಟು ಬಂತು, ಯಾವ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತು, ಮೆಡಿಸಿನ್ನೋ ಎಂಜಿನಿಯರಿಂಗೋ ಎಂಬುದೇ ಚರ್ಚೆ. ದೇವಸ್ಥಾನದ ಪ್ರಸಾದದ ಸಾಲಿನಲ್ಲಿ, ಹುಟ್ಟುಹಬ್ಬದ ಊಟದಲ್ಲಿ, ಕೊನೆಗೆ ಊರಿಂದ ಫೋನ್ ಮಾಡುವ ಅಜ್ಜ ಅಜ್ಜಿಯರ ಬಾಯಲ್ಲೂ ಅದೇ ಪ್ರಶ್ನೆ. ಭಾಷಾ ಶಿಕ್ಷಕರಾದ ನಮಗೆ ಈ ಚರ್ಚೆಯಲ್ಲಿ ಅಷ್ಟಾಗಿ ಪಾತ್ರವಿಲ್ಲ. ಕನ್ನಡ ತರಗತಿಯ ಅಂಕಗಳಿಂದ ಯಾರೂ ಡಾಕ್ಟರಾಗುವುದಿಲ್ಲವಲ್ಲ! ಆದರೆ ಕಳೆದ ಸಾಲಿನಲ್ಲಿ ನಮ್ಮದೇ ಮಾತಿನಿಂದ ಒಂದು ಮನೆಯಲ್ಲಿ ಸಣ್ಣ ಬಿರುಗಾಳಿ ಎದ್ದಿತು. ಈ ಲೇಖನ ಹುಟ್ಟಿದ್ದು ಅದರಿಂದಲೇ.

ನಡೆದದ್ದು ಇಷ್ಟು. ದೊಡ್ಡ ಮಕ್ಕಳ ತರಗತಿಯಲ್ಲಿ ಮಂಕುತಿಮ್ಮನ ಕಗ್ಗದ ಕೆಲವು ಪದ್ಯಗಳನ್ನು ಹೇಳಿಕೊಡುತ್ತಿದ್ದೆವು. ಇಂಥ ಪುಸ್ತಕ ಬರೆದವರು ಎಷ್ಟು ಓದಿದ್ದರು ಎಂದು ಒಬ್ಬ ಹುಡುಗ ಕೇಳಿದ. ಮೆಟ್ರಿಕ್ ಪರೀಕ್ಷೆಯನ್ನೂ ಪಾಸು ಮಾಡಿರಲಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ತರಗತಿ ಗೊಳ್ಳೆಂದು ನಕ್ಕಿತು. ಆ ಹುಡುಗ ಮಾತ್ರ ನಗಲಿಲ್ಲ. ಅವನು ಮನೆಗೆ ಹೋಗಿ, ತನಗೆ ಯೂನಿವರ್ಸಿಟಿ ಬೇಡ, ಎಲೆಕ್ಟ್ರಿಷಿಯನ್ ಕೆಲಸದ ಅಪ್ರೆಂಟಿಸ್ ಆಗಿ ಸೇರುತ್ತೇನೆ, ಕಗ್ಗ ಬರೆದವರೇ ಮೆಟ್ರಿಕ್ ಫೇಲು ಎಂದು ವಾದ ಹೂಡಿದನಂತೆ. ಮುಂದಿನ ವಾರ ಅವನ ತಾಯಿ ಬಂದರು. ಕಣ್ಣಲ್ಲಿ ನೀರು. ಮೇಡಂ, ನೀವೇ ಹೀಗೆ ಹೇಳಿದರೆ ನಾವು ಯಾರ ಹತ್ತಿರ ಹೋಗಬೇಕು ಎಂದು ಕೇಳಿದರು. ಅವರ ಯಜಮಾನರು ಭಾರತದಲ್ಲಿ ಎಂಜಿನಿಯರಿಂಗ್ ಪದವಿ ಪಡೆದವರು. ಇಲ್ಲಿಗೆ ಬಂದ ಮೊದಲ ಕೆಲವು ವರ್ಷ ಆ ಪದವಿಗೆ ಬೆಲೆ ಸಿಗದೆ ಬಸ್ಸು ಓಡಿಸಿದವರು. ಮಗ ಇಲ್ಲಿಯದೇ ಪದವಿ ಪಡೆಯಲಿ ಎಂಬ ಆಸೆಯಿಂದ ಅಷ್ಟೂ ಕಷ್ಟ ನುಂಗಿಕೊಂಡಿದ್ದರು.

ನಾವೂ ಬಿ.ಎ., ಬಿ.ಎಡ್. ಪ್ರಮಾಣಪತ್ರಗಳನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಈ ದೇಶಕ್ಕೆ ಬಂದವರೇ. ಒಂದೊಂದು ಅಂಕಪಟ್ಟಿಯನ್ನೂ ದೃಢೀಕರಿಸಿ ಕಳಿಸಿ, ತಿಂಗಳುಗಟ್ಟಲೆ ಕಾದು ಕೂತವರು. ಆದ್ದರಿಂದ ಆ ತಾಯಿಯ ಸಂಕಟ ನಮಗೆ ಅರ್ಥವಾಗದೆ ಇರಲಿಲ್ಲ. ಅರ್ಧ ಕಥೆ ಹೇಳಿದ್ದು ನಮ್ಮ ತಪ್ಪು, ಪೂರ್ತಿ ಕಥೆಯನ್ನು ವಾರ್ಷಿಕ ಸಂಚಿಕೆಯಲ್ಲಿ ಬರೆಯುತ್ತೇವೆ, ಮನೆಮಂದಿಯೆಲ್ಲ ಕೂತು ಓದಿ ಎಂದು ಅವರಿಗೆ ಮಾತು ಕೊಟ್ಟೆವು. ಈಗ ಆ ಮಾತನ್ನು ಉಳಿಸಿಕೊಳ್ಳುತ್ತಿದ್ದೇವೆ.

ಡಿ.ವಿ.ಜಿ. ಎಂದರೆ ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ. ರಜೆಗೆ ಊರಿಗೆ ಹೋಗುವ ಮಕ್ಕಳೇ, ನೀವು ಬೆಂಗಳೂರಿನಲ್ಲಿ ವಿಮಾನದಿಂದ ಇಳಿಯುವುದು ಇದೇ ದೇವನಹಳ್ಳಿಯಲ್ಲಿ. ಅಲ್ಲಿಯ ಚಕ್ಕೋತ ಹಣ್ಣು ಹೆಸರುವಾಸಿ. ನಮ್ಮ ಸ್ವಾನ್ ವ್ಯಾಲಿಯ ಹಾಗೆ ಆ ಸೀಮೆಯೂ ದ್ರಾಕ್ಷಿ ಬೆಳೆಯುವ ಸೀಮೆ. ಹೆಸರಿನಲ್ಲಿ ದೇವನಹಳ್ಳಿ ಇದ್ದರೂ ಗುಂಡಪ್ಪನವರು ಹುಟ್ಟಿದ್ದು ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ, 1887ನೇ ಇಸವಿ ಮಾರ್ಚ್ 17ರಂದು. ತಂದೆ ವೆಂಕಟರಮಣಯ್ಯ, ತಾಯಿ ಅಲಮೇಲಮ್ಮ. ಮುಳಬಾಗಿಲು ಆಂಧ್ರದ ಗಡಿಗೆ ಅಂಟಿಕೊಂಡ ಊರು, ಕನ್ನಡದ ಜೊತೆ ತೆಲುಗೂ ಬೀದಿಯಲ್ಲಿ ಓಡಾಡುವ ಊರು. ಇಂದು ದೋಸೆಗೆ ಪ್ರಸಿದ್ಧವಾದರೆ ಅಂದು ಅಲ್ಲಿ ಇದ್ದದ್ದು ಬೆಟ್ಟ, ದೇವಸ್ಥಾನ, ಪಾಠಶಾಲೆ ಮತ್ತು ಬಡತನ.

ಬಾಲಕ ಗುಂಡಪ್ಪ ಊರಿನಲ್ಲಿ ಓದಿದ, ಮೈಸೂರಿನಲ್ಲಿ ಓದಿದ, ಕೋಲಾರದಲ್ಲಿ ಓದಿದ. ದಡ್ಡನಾಗಿರಲಿಲ್ಲ, ಸೋಮಾರಿಯೂ ಅಲ್ಲ. ಸಿಕ್ಕ ಪುಸ್ತಕವನ್ನೆಲ್ಲ ಓದುವ ಹುಡುಗ. ಆದರೆ 1905ರ ಸುಮಾರಿಗೆ ಕೂತ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಪಾಸಾಗಲಿಲ್ಲ.

ಆ ಕಾಲದಲ್ಲಿ ಮೆಟ್ರಿಕ್ ಎಂದರೆ ಏನು ಎಂಬುದನ್ನು ಇಲ್ಲಿ ಹೇಳಬೇಕು. ಮೈಸೂರು ಸಂಸ್ಥಾನಕ್ಕೆ ತನ್ನದೇ ವಿಶ್ವವಿದ್ಯಾನಿಲಯ ಇರಲಿಲ್ಲ. ಪರೀಕ್ಷೆ ನಡೆಸುತ್ತಿದ್ದುದು ಮದರಾಸು ವಿಶ್ವವಿದ್ಯಾನಿಲಯ. ಕಾಲೇಜಿನ ಬಾಗಿಲಿಗೂ ಸರ್ಕಾರಿ ಕಚೇರಿಯ ಬಾಗಿಲಿಗೂ ಅದೊಂದೇ ಬೀಗದಕೈ. ಪಾಸಾದವನಿಗೆ ಗುಮಾಸ್ತೆ ಕೆಲಸ, ತಿಂಗಳ ಸಂಬಳ, ಬೀದಿಯಲ್ಲಿ ಮರ್ಯಾದೆ. ಫೇಲಾದವನಿಗೆ ಯಾವುದೂ ಇಲ್ಲ. ಆ ಕಾಲದಲ್ಲಿ ಬಿ.ಎ. ಫೇಲ್ ಎಂದು ಹೆಸರಿನ ಮುಂದೆ ಹಾಕಿಕೊಳ್ಳುವವರಿದ್ದರು ಎಂದು ಹಿರಿಯರು ತಮಾಷೆ ಮಾಡುತ್ತಿದ್ದರು. ಬಿ.ಎ.ವರೆಗೆ ಹೋಗಿ ಬಿದ್ದದ್ದೂ ಒಂದು ಅರ್ಹತೆಯೇ! ಮೆಟ್ರಿಕ್‌ನಲ್ಲೇ ಬಿದ್ದವರಿಗೆ ಆ ಭಾಗ್ಯವೂ ಇರಲಿಲ್ಲ. ಜೊತೆಗೆ ಆಗಿನ ಪದ್ಧತಿಯಂತೆ ಚಿಕ್ಕ ವಯಸ್ಸಿಗೇ ಮದುವೆಯೂ ಆಗಿತ್ತು. ಕೈಯಲ್ಲಿ ಸರ್ಟಿಫಿಕೇಟ್ ಇಲ್ಲ, ಮನೆಯಲ್ಲಿ ಜವಾಬ್ದಾರಿ ಇದೆ. ಇದು ಆ ಹದಿನೆಂಟರ ಹುಡುಗನ ಪರಿಸ್ಥಿತಿ.

ಮುಂದಿನ ಎರಡು ಮೂರು ವರ್ಷಗಳು ಅಲೆದಾಟದವು. ಮುಳಬಾಗಿಲಿನ ಶಾಲೆಯಲ್ಲಿ ಸ್ವಲ್ಪ ದಿನ ತಾತ್ಕಾಲಿಕ ಮೇಷ್ಟರ ಕೆಲಸ. ಕೋಲಾರದ ಚಿನ್ನದ ಗಣಿಯ ಪ್ರದೇಶದಲ್ಲಿ ಒಂದು ಸೋಡಾ ಕಾರ್ಖಾನೆಯಲ್ಲಿ ಕೆಲಸ. ಅಲ್ಲಿಂದ ಬೆಂಗಳೂರಿಗೆ ಬಂದು ಜಟಕಾ ಗಾಡಿಗಳಿಗೆ ಬಣ್ಣ ಹೊಡೆಯುವ ಕಾರ್ಖಾನೆಯಲ್ಲಿ ಕೆಲಸ. ಮುಂದೆ ಭಗವದ್ಗೀತೆಗೆ ಅರ್ಥ ಬರೆದು ದೇಶದ ಪ್ರಶಸ್ತಿ ಪಡೆದವರು ಒಂದು ಕಾಲದಲ್ಲಿ ಸೋಡಾ ಬಾಟಲಿ, ಜಟಕಾ ಗಾಡಿಗಳ ನಡುವೆ ದಿನ ತಳ್ಳಿದವರು. ಈ ಭಾಗವನ್ನು ನಾವು ತರಗತಿಯಲ್ಲಿ ಹೇಳಿರಲಿಲ್ಲ. ಫೇಲಾದರು, ಆಮೇಲೆ ದೊಡ್ಡವರಾದರು ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದೆವು. ಎರಡರ ನಡುವೆ ಎಷ್ಟು ವರ್ಷ, ಎಷ್ಟು ಹಸಿವು ಎಂಬುದನ್ನು ಬಿಟ್ಟಿದ್ದೆವು.

ಕೊನೆಗೆ ಅವರಿಗೆ ದಾರಿ ತೋರಿದ್ದು ಪತ್ರಿಕೆಗಳು. ಪತ್ರಿಕಾ ಕಚೇರಿಯಲ್ಲಿ ಪದವಿಗಿಂತ ಬರವಣಿಗೆ ಮುಖ್ಯ. ನಾಳೆ ಬೆಳಿಗ್ಗೆಗೆ ಕಾಲಂ ತುಂಬಬೇಕು, ತಪ್ಪಿಲ್ಲದೆ ತುಂಬಬೇಕು, ಅಷ್ಟೇ. ಗುಂಡಪ್ಪನವರು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದರು. ಆದರೆ 1908ರಲ್ಲಿ ಮೈಸೂರು ಸರ್ಕಾರ ಪತ್ರಿಕೆಗಳ ಬಾಯಿ ಕಟ್ಟುವ ಕಾನೂನು ತಂದಿತು. ಪತ್ರಿಕೆಗಳು ಮುಚ್ಚಿದವು. ಗುಂಡಪ್ಪನವರು ಮದರಾಸಿಗೆ ಹೋಗಿ ಅಲ್ಲಿಯ ಪತ್ರಿಕೆಗಳಿಗೆ ಬರೆದು ಬದುಕಿದರು. ಮರಳಿ ಬಂದು 1913ರಲ್ಲಿ ಬೆಂಗಳೂರಿನಲ್ಲಿ ತಮ್ಮದೇ ಪತ್ರಿಕೆ ಶುರು ಮಾಡಿದರು. ಅದರ ಹೆಸರು ದಿ ಕರ್ನಾಟಕ. ಭಾಷೆ ಇಂಗ್ಲಿಷು, ವಾರಕ್ಕೆ ಎರಡು ಸಂಚಿಕೆ. ಸಂಪಾದಕರ ವಯಸ್ಸು ಇಪ್ಪತ್ತಾರು. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಅಧಿಕೃತವಾಗಿ ಬಂದದ್ದು 1973ರಲ್ಲಿ. ಅದಕ್ಕೆ ಅರವತ್ತು ವರ್ಷ ಮೊದಲೇ ಈ ಮೆಟ್ರಿಕ್ ಫೇಲಾದ ಯುವಕ ತನ್ನ ಪತ್ರಿಕೆಯ ನೆತ್ತಿಯ ಮೇಲೆ ಆ ಹೆಸರು ಅಚ್ಚು ಹಾಕಿಸಿದ್ದ. ಇನ್ನೊಂದು ಕಾಕತಾಳೀಯ ನೋಡಿ: ನಮ್ಮ ಪರ್ತಿನ ಯೂನಿವರ್ಸಿಟಿ ಆಫ್ ವೆಸ್ಟರ್ನ್ ಆಸ್ಟ್ರೇಲಿಯಾ ತನ್ನ ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡದ್ದೂ ಅದೇ 1913ರಲ್ಲಿ.

ಈಗ ಮುಖ್ಯವಾದ ಪ್ರಶ್ನೆಗೆ ಬರೋಣ. ಕಾಲೇಜಿನ ಮೆಟ್ಟಿಲು ಹತ್ತದವರಿಗೆ ಇಷ್ಟು ವಿದ್ಯೆ ಬಂದದ್ದಾದರೂ ಎಲ್ಲಿಂದ? ಹುಟ್ಟಿನಿಂದ ಬಂದ ಬುದ್ಧಿ ಎಂದರೆ ಸಾಲದು. ಬುದ್ಧಿ ಬೀಜ ಮಾತ್ರ, ನೀರು ಗೊಬ್ಬರ ಎಲ್ಲಿಂದ ಬಂತು ಎಂಬುದು ಪ್ರಶ್ನೆ.

ಉತ್ತರ ಏನೆಂದರೆ ಅವರು ಓದುವುದನ್ನು ನಿಲ್ಲಿಸಲೇ ಇಲ್ಲ. ಪರೀಕ್ಷೆ ಬಿಟ್ಟಿತು, ಅವರು ಪುಸ್ತಕ ಬಿಡಲಿಲ್ಲ. ರಾಜಕೀಯ ಬರೆಯಬೇಕಾದ್ದರಿಂದ ಮಿಲ್, ಮಾರ್ಲಿ ಮೊದಲಾದ ಇಂಗ್ಲಿಷ್ ಚಿಂತಕರನ್ನು ಓದಿಕೊಂಡರು. ಕಾನೂನು, ಅರ್ಥಶಾಸ್ತ್ರ, ಸಂಸ್ಥಾನಗಳ ಆಡಳಿತ ಓದಿಕೊಂಡರು. ಸಂಸ್ಕೃತವನ್ನು ಪಂಡಿತರ ಬಳಿ ಕೂತು ಕಲಿತರು. ವೇದಾಂತವನ್ನು ಹಾನಗಲ್ ವಿರೂಪಾಕ್ಷ ಶಾಸ್ತ್ರಿಗಳಂಥ ದೊಡ್ಡ ವಿದ್ವಾಂಸರ ಪಾದದ ಬಳಿ ಕೂತು ಕೇಳಿದರು. ಇದು ಒಂದು ವರ್ಷ ಎರಡು ವರ್ಷದ ಕೋರ್ಸಲ್ಲ. ಹಗಲು ಪತ್ರಿಕೆಯ ದುಡಿಮೆ, ಉಳಿದ ಹೊತ್ತು ಪಾಠ. ಯಾರೂ ಹಾಜರಿ ಹಾಕಲಿಲ್ಲ, ಯಾರೂ ಅಂಕ ಕೊಡಲಿಲ್ಲ. ಮಕ್ಕಳೇ, ಮೊಬೈಲ್ ಅಲಾರಂ ಇಟ್ಟರೂ ಶನಿವಾರದ ತರಗತಿಗೆ ಹತ್ತು ನಿಮಿಷ ತಡವಾಗಿ ಬರುವ ನೀವು (ನಿಮ್ಮನ್ನು ಕರೆತರುವ ಅಪ್ಪ ಅಮ್ಮಂದಿರೂ!) ಇದನ್ನು ಸ್ವಲ್ಪ ಯೋಚಿಸಬೇಕು.

ಅವರಿಗೆ ಇನ್ನೊಂದು ಪಾಠಶಾಲೆಯೂ ಇತ್ತು. ಅದು ಮನುಷ್ಯರು. ಜ್ಞಾಪಕ ಚಿತ್ರಶಾಲೆ ಎಂಬ ಅವರ ಪುಸ್ತಕಮಾಲೆ ಎಂಟು ಸಂಪುಟಗಳಷ್ಟಿದೆ. ಅದರಲ್ಲಿ ಅವರು ತಮ್ಮ ಬಗ್ಗೆ ಹೇಳಿಕೊಂಡದ್ದು ಕಡಿಮೆ. ತಾವು ಕಂಡ ದಿವಾನರು, ವೈದಿಕರು, ಮೇಷ್ಟರುಗಳು, ಸಂಗೀತಗಾರರು, ನರ್ತಕಿಯರು, ಪತ್ರಿಕೆಯವರು, ಹೆಸರೇ ಇಲ್ಲದ ಸಾಮಾನ್ಯರು ಎಲ್ಲರೂ ಅಲ್ಲಿದ್ದಾರೆ. ದಿವಾನರನ್ನು ನೋಡಿದ ಕಣ್ಣಿನಿಂದಲೇ ಹಳ್ಳಿಯ ಬಡವನನ್ನೂ ನೋಡಿದ್ದಾರೆ. ಯಾರಲ್ಲಿ ಏನು ಕಲಿಯುವುದಕ್ಕಿದೆ ಎಂದು ಹುಡುಕುವ ಮನುಷ್ಯನಿಗೆ ಬೆಂಗಳೂರು ಪೇಟೆಯೇ ಒಂದು ವಿಶ್ವವಿದ್ಯಾನಿಲಯವಾಯಿತು. ನಮ್ಮ ಮಟ್ಟಿಗೆ ಹೇಳುವುದಾದರೆ ಕಗ್ಗಕ್ಕಿಂತ ನಮಗೆ ಈ ಎಂಟು ಸಂಪುಟಗಳೇ ಹೆಚ್ಚು ಇಷ್ಟ. ಕಗ್ಗ ಓದಲು ಸ್ವಲ್ಪ ವಯಸ್ಸಾಗಬೇಕು. ಚಿತ್ರಶಾಲೆಗೆ ಕನ್ನಡ ಓದಲು ಬಂದರೆ ಸಾಕು.

ಆ ದಿನಗಳಲ್ಲಿ ಮೈಸೂರಿನ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯ (1912ರಿಂದ 1918ರವರೆಗೆ). ಅವರದು ಪದವಿಗಳ ಹಾದಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ., ಪುಣೆಯಲ್ಲಿ ಎಂಜಿನಿಯರಿಂಗ್. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು ಅವರ ಕಾಲದಲ್ಲೇ. ಅಂಥವರು ಮೆಟ್ರಿಕ್ ಇಲ್ಲದ ಪತ್ರಕರ್ತ ಗುಂಡಪ್ಪನವರಿಗೆ ಕೊಟ್ಟ ಸ್ನೇಹ ಮತ್ತು ಗೌರವ ಕೊನೆಯವರೆಗೂ ಕಡಿಮೆಯಾಗಲಿಲ್ಲ. ದಿವಾನರು ಅವರ ಸರ್ಟಿಫಿಕೇಟ್ ಕೇಳಲಿಲ್ಲ. ಗುಂಡಪ್ಪನವರೂ ಸ್ನೇಹವನ್ನು ಸಂಬಳಕ್ಕೆ ಬದಲಾಯಿಸಿಕೊಳ್ಳಲಿಲ್ಲ. ಸರ್ಕಾರದಿಂದ ಬಂದ ಚೆಕ್ಕುಗಳನ್ನು ಅವರು ಬ್ಯಾಂಕಿಗೇ ಹಾಕಲಿಲ್ಲ, ಅವು ಪೆಟ್ಟಿಗೆಯಲ್ಲೇ ಉಳಿದಿದ್ದವು ಎಂಬ ಕಥೆ ಕನ್ನಡನಾಡಿನಲ್ಲಿ ಮನೆಮನೆಯ ಮಾತು. ಪತ್ರಕರ್ತ ಸರ್ಕಾರದ ಅನ್ನ ಉಂಡರೆ ಸರ್ಕಾರವನ್ನು ಪ್ರಶ್ನಿಸುವ ನಾಲಿಗೆ ಕಳೆದುಕೊಳ್ಳುತ್ತಾನೆ ಎಂಬುದು ಅವರ ನಿಲುವಾಗಿತ್ತು.

ಈ ನಿಲುವಿನ ಬೆಲೆ ಕಟ್ಟಿದವರು ಯಾರು? ಇದನ್ನೂ ಮುಚ್ಚಿಡಬಾರದು. ಅವರ ಪತ್ನಿ ಭಾಗೀರಥಮ್ಮನವರು ಒಂದು ಸಮಾರಂಭಕ್ಕೆ ಹೊರಡದೆ ಮನೆಯಲ್ಲೇ ಉಳಿದರಂತೆ. ಕಾರಣ ಕೇಳಿದಾಗ, ಉಟ್ಟುಕೊಂಡು ಹೋಗಲು ಹರಿಯದ ಸೀರೆಯಿಲ್ಲ, ಈ ವೇಷದಲ್ಲಿ ಹೋದರೆ ನೋಡಿದವರು ನಿಮ್ಮ ಗೌರವಕ್ಕೆ ಕುಂದು ಎಂದುಕೊಳ್ಳುತ್ತಾರೆ ಎಂಬ ಅರ್ಥದ ಉತ್ತರ ಕೊಟ್ಟರಂತೆ. ಈ ಕಥೆಯನ್ನು ವೇದಿಕೆಗಳಲ್ಲಿ ಡಿ.ವಿ.ಜಿ.ಯವರ ತ್ಯಾಗಕ್ಕೆ ಉದಾಹರಣೆಯಾಗಿ ಹೇಳುತ್ತಾರೆ. ನಮಗೆ ಮಾತ್ರ ಅದು ಭಾಗೀರಥಮ್ಮನವರ ಕಥೆಯಾಗಿಯೇ ಕಾಣುತ್ತದೆ. ಪದವಿಯೊಂದಿದ್ದರೆ ಸಿಗಬಹುದಾಗಿದ್ದ ತಿಂಗಳ ಸಂಬಳ ಇಲ್ಲದ ಮನೆಯನ್ನು ನಡೆಸಿದವರು ಅವರು. ಡಿ.ವಿ.ಜಿ.ಯವರಿಗೆ ಇನ್ನೂ ನಲವತ್ತು ತುಂಬುವ ಮೊದಲೇ ಅವರು ತೀರಿಕೊಂಡರು. ಡಿ.ವಿ.ಜಿ. ಮತ್ತೆ ಮದುವೆಯಾಗಲಿಲ್ಲ.

ಅವರ ಜೀವನದ ಮುಂದಿನ ಭಾಗ ಪಾಠಪುಸ್ತಕಗಳಲ್ಲಿ ಇರುವಂಥದ್ದು. ಬೇಗ ಹೇಳಿಬಿಡುತ್ತೇವೆ. 1926ರಿಂದ 1940ರವರೆಗೆ ಮೈಸೂರು ಸಂಸ್ಥಾನದ ಶಾಸನ ಸಭೆಯ ಸದಸ್ಯರು. 1932ರಲ್ಲಿ ಮಡಿಕೇರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಅನಂತರ ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ವಸಂತ ಸಾಹಿತ್ಯೋತ್ಸವ ನಡೆಸಿದರು, ಗಮಕ ತರಗತಿಗಳಿಗೆ ಒತ್ತಾಸೆಯಾದರು. ಉಮರ್ ಖಯ್ಯಾಮನ ಪದ್ಯಗಳನ್ನು ಉಮರನ ಒಸಗೆಯಾಗಿ ಕನ್ನಡಕ್ಕೆ ತಂದರು. ಷೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕವನ್ನು ಅನುವಾದಿಸಿದರು. ಬೇಲೂರಿನ ಶಿಲಾಬಾಲಿಕೆಯರನ್ನು ಕಂಡು ಅಂತಃಪುರ ಗೀತೆ ಬರೆದರು. ರಾಜ್ಯಶಾಸ್ತ್ರದ ಬಗ್ಗೆ ಕನ್ನಡದಲ್ಲೇ ಗ್ರಂಥ ಬರೆದರು. ಕನ್ನಡದಲ್ಲಿ ಅಂಥ ವಿಷಯ ಬರೆಯಲು ಪದಗಳನ್ನೇ ಹೊಸದಾಗಿ ಕಟ್ಟಿಕೊಳ್ಳಬೇಕಿದ್ದ ಕಾಲವದು. 1943ರಲ್ಲಿ ಮಂಕುತಿಮ್ಮನ ಕಗ್ಗ ಬಂತು. ನಾಲ್ಕು ನಾಲ್ಕು ಸಾಲಿನ 945 ಪದ್ಯಗಳು. ಹೆಸರಿನಲ್ಲಿ ಮಂಕು, ತಿಮ್ಮ, ಕಗ್ಗ ಎಂಬ ಮೂರೂ ಪದಗಳು ತನ್ನನ್ನು ತಾನೇ ಹಾಸ್ಯ ಮಾಡಿಕೊಳ್ಳುವ ಪದಗಳು. ದೊಡ್ಡ ಪದವಿ ಇದ್ದ ಪಂಡಿತರು ತಮ್ಮ ಪುಸ್ತಕಕ್ಕೆ ಇಂಥ ಹೆಸರಿಡಲು ಎರಡು ಸಲ ಯೋಚಿಸುತ್ತಿದ್ದರೇನೋ.

ಆದರೆ ಇಷ್ಟು ಓದಿ, ನೋಡಿದಿರಾ ಯೂನಿವರ್ಸಿಟಿ ಬೇಕಿಲ್ಲ ಎಂದು ಯಾರಾದರೂ ಪುಸ್ತಕ ಮುಚ್ಚುವ ಮೊದಲು ಇನ್ನೂ ಮೂರು ಸಂಗತಿ ಹೇಳಬೇಕಾಗಿದೆ. ಅವತ್ತು ತರಗತಿಯಲ್ಲಿ ನಾವು ನುಂಗಿದ ಅರ್ಧ ಇದೇ.

ಡಿ.ವಿ.ಜಿ.ಯವರು ವಿಶ್ವವಿದ್ಯಾನಿಲಯವನ್ನು ಎಂದೂ ಹಗುರವಾಗಿ ಕಂಡವರಲ್ಲ. ತಾವು ಓದಲಾಗದ ವಿಶ್ವವಿದ್ಯಾನಿಲಯದ ಸೆನೆಟ್ಟಿನಲ್ಲಿ ಸದಸ್ಯರಾಗಿ ಕೂತು, ಅಲ್ಲಿ ಏನು ಕಲಿಸಬೇಕು, ಹೇಗೆ ಕಲಿಸಬೇಕು ಎಂದು ಚರ್ಚಿಸಿದರು. ದ್ರಾಕ್ಷಿ ಹುಳಿ ಎಂದು ದೂರ ನಿಲ್ಲಲಿಲ್ಲ. ಅವರು ತಮ್ಮ ಸಾರ್ವಜನಿಕ ಜೀವನಕ್ಕೆ ಗುರುವೆಂದು ಭಾವಿಸಿದ ಗೋಪಾಲಕೃಷ್ಣ ಗೋಖಲೆಯವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಠ ಹೇಳಿದ ಪ್ರಾಧ್ಯಾಪಕರು.

ಎರಡನೆಯದು ಅವರ ಮಗನ ವಿಷಯ. ಮಗ ಬಿ.ಜಿ.ಎಲ್. ಸ್ವಾಮಿ. ತಂದೆ ಮೆಟ್ರಿಕ್‌ನಲ್ಲಿ ನಿಂತರೆ ಮಗ ಸಸ್ಯಶಾಸ್ತ್ರದಲ್ಲಿ ಕೊನೆಯ ಮೆಟ್ಟಿಲವರೆಗೂ ಹೋದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಅಮೆರಿಕದ ಹಾರ್ವರ್ಡ್‌ನಲ್ಲಿ ಸಂಶೋಧನೆ ಮಾಡಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರೂ ಪ್ರಾಂಶುಪಾಲರೂ ಆದರು. ಗಿಡದ ಒಳಗಿನ ರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಆ ವಿದ್ಯೆಯನ್ನು ಬೀದಿಯಲ್ಲಿ ಕಲಿಯಲಾಗುವುದಿಲ್ಲ. ಅದಕ್ಕೆ ಪ್ರಯೋಗಾಲಯ ಬೇಕು, ಕಲಿಸುವ ಗುರು ಬೇಕು, ವರ್ಷಗಳ ಶಿಸ್ತು ಬೇಕು. ತಮಾಷೆಯೆಂದರೆ ಕಾಲೇಜು ಕಾಣದ ತಂದೆ ಕಾಲೇಜಿಗೆ ಗೌರವ ಕೊಟ್ಟರೆ, ಕಾಲೇಜಿನಲ್ಲೇ ಬಾಳಿದ ಮಗ ಕಾಲೇಜು ರಂಗ, ಕಾಲೇಜು ತರಂಗ ಎಂಬ ಪುಸ್ತಕಗಳನ್ನು ಬರೆದು ಕಾಲೇಜುಗಳನ್ನೂ ಪ್ರಾಧ್ಯಾಪಕರನ್ನೂ ಹೊಟ್ಟೆ ಹುಣ್ಣಾಗುವಂತೆ ನಗಿಸಿ ಲೇವಡಿ ಮಾಡಿದರು! ಪದವಿ ಇದ್ದರೆ ಬುದ್ಧಿ ಇದೆ ಎಂದು ನಂಬುವವರು ಆ ಪುಸ್ತಕಗಳನ್ನು ಓದಬೇಕು. ಪುಟ್ಟಣ್ಣ ಕಣಗಾಲರು ಕಾಲೇಜು ರಂಗವನ್ನು ಸಿನಿಮಾ ಕೂಡ ಮಾಡಿದರು. ತಂದೆಗೆ ಶ್ರೀಮದ್ಭಗವದ್ಗೀತಾ ತಾತ್ಪರ್ಯ ಗ್ರಂಥಕ್ಕಾಗಿ 1967ರಲ್ಲಿ, ಮಗನಿಗೆ ಹಸುರು ಹೊನ್ನು ಪುಸ್ತಕಕ್ಕಾಗಿ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಒಂದೇ ಮನೆ, ಎರಡು ಹಾದಿ, ಒಂದೇ ಪ್ರಶಸ್ತಿ.

ಮೂರನೆಯದನ್ನು ಹೇಳಲು ಇನ್ನೊಬ್ಬರ ಹೆಸರು ತರಬೇಕು. ಡಿ.ವಿ.ಜಿ. ಹುಟ್ಟಿದ 1887ನೇ ಇಸವಿಯಲ್ಲೇ, ಡಿಸೆಂಬರ್ 22ರಂದು ತಮಿಳುನಾಡಿನ ಈರೋಡಿನಲ್ಲಿ ಶ್ರೀನಿವಾಸ ರಾಮಾನುಜನ್ ಹುಟ್ಟಿದರು. ಅವರು ಮೆಟ್ರಿಕ್ ದಾಟಿದರು, ಆದರೆ ಅದರ ಮುಂದಿನ ಎಫ್.ಎ. ಪರೀಕ್ಷೆಯಲ್ಲಿ ಗಣಿತ ಬಿಟ್ಟು ಬೇರೆ ವಿಷಯಗಳಲ್ಲಿ ಬಿದ್ದರು. ಅದೇ ಮದರಾಸು ವಿಶ್ವವಿದ್ಯಾನಿಲಯ, ಅದೇ ಪರೀಕ್ಷೆಯ ಜರಡಿ. ಒಂದೇ ವರ್ಷ ಹುಟ್ಟಿದ ಇಬ್ಬರು ಮಹಾ ಬುದ್ಧಿವಂತರು ಆ ಜರಡಿಯಿಂದ ಕೆಳಗೆ ಬಿದ್ದರು. ಪರೀಕ್ಷೆ ಬುದ್ಧಿಯನ್ನು ಅಳೆಯುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಆದರೆ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಮದರಾಸು ಬಂದರಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದ ರಾಮಾನುಜನ್ ಅವರಿಗೆ ಕೊನೆಗೆ ಕೈಹಿಡಿದದ್ದು ಒಂದು ವಿಶ್ವವಿದ್ಯಾನಿಲಯವೇ. 1914ರಲ್ಲಿ ಕೇಂಬ್ರಿಡ್ಜಿಗೆ ಹೋಗಿ ಪ್ರೊಫೆಸರ್ ಹಾರ್ಡಿಯವರ ಜೊತೆ ಕೆಲಸ ಮಾಡಿದರು, 1916ರಲ್ಲಿ ಅಲ್ಲಿ ಪದವಿ ಪಡೆದರು, 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ಅವರ ಗಣಿತವನ್ನು ಅರ್ಥ ಮಾಡಿಕೊಳ್ಳಬಲ್ಲವರು ಇದ್ದದ್ದು ಅಂಥ ಜಾಗದಲ್ಲಿ. ಡಿ.ವಿ.ಜಿ.ಯವರ ವಿದ್ಯೆಗೆ ಬೇಕಾದವರು ಬೆಂಗಳೂರಿನ ಬೀದಿಯಲ್ಲೇ ಸಿಕ್ಕಿದರು.

ಹಾಗಾದರೆ ಯಾವ ವಿದ್ಯೆಯನ್ನು ಎಲ್ಲಿ ಕಲಿಯಬಹುದು ಎಂಬುದರ ಮೇಲೆ ಉತ್ತರ ನಿಂತಿದೆ ಎಂದು ನಮಗೆ ಅನ್ನಿಸುತ್ತದೆ. ಈ ದೇಶದಲ್ಲಿ ಡಾಕ್ಟರಾಗಲು, ನರ್ಸ್ ಆಗಲು, ನಮ್ಮಂತೆ ಶಾಲೆಯಲ್ಲಿ ಪಾಠ ಹೇಳಲು ಪದವಿ ಬೇಕೇ ಬೇಕು. ಕಗ್ಗವನ್ನು ಬಾಯಿಪಾಠ ಹೇಳಿದರೆ ಆಸ್ಪತ್ರೆಯ ಒಳಗೆ ಬಿಡುವುದಿಲ್ಲ. ಇನ್ನು ಆ ಹುಡುಗ ಆಸೆಪಟ್ಟ ಎಲೆಕ್ಟ್ರಿಷಿಯನ್ ಕೆಲಸ ಓದು ತಪ್ಪಿಸಿಕೊಳ್ಳುವ ದಾರಿ ಎಂದು ತಿಳಿದವರೂ ತಪ್ಪು ತಿಳಿದಿದ್ದಾರೆ. ಅದಕ್ಕೂ ವರ್ಷಗಳ ಅಪ್ರೆಂಟಿಸ್‌ಶಿಪ್ ಇದೆ, ಟೇಫ್‌ನಲ್ಲಿ ಪಾಠವಿದೆ, ಲೆಕ್ಕಾಚಾರವಿದೆ, ಪರೀಕ್ಷೆಯಿದೆ, ಲೈಸೆನ್ಸ್ ಇದೆ. ಕರೆಂಟು ಯಾರ ಎಟಾರ್ ಎಷ್ಟು ಎಂದು ನೋಡಿ ಹೊಡೆಯುವುದಿಲ್ಲ! ಕೈಕೆಲಸದವರನ್ನು ಕೀಳಾಗಿ ಕಾಣುವ ಅಭ್ಯಾಸವನ್ನು ನಾವು ಊರಿಂದ ಉಪ್ಪಿನಕಾಯಿಯ ಜೊತೆ ಕಟ್ಟಿಕೊಂಡು ಬಂದಿದ್ದೇವೆ. ಇಲ್ಲಿ ಮನೆಯ ಒಂದು ಸ್ವಿಚ್ ಸರಿಮಾಡಿಸಲು ದುಡ್ಡು ಕೊಡುವಾಗಲಾದರೂ ಅದು ಬಿಟ್ಟುಹೋಗಬೇಕಿತ್ತು.

ಮತ್ತೆ ಡಿ.ವಿ.ಜಿ.ಯವರಿಗೆ ಬರೋಣ. 1945ರಲ್ಲಿ ಅವರು ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಪ್ರಜೆಗಳಿಗೆ ರಾಜಕೀಯ, ಸಂವಿಧಾನ, ಸಾಹಿತ್ಯಗಳ ಬಗ್ಗೆ ತಿಳಿವಳಿಕೆ ಕೊಡುವುದು ಅದರ ಕೆಲಸ. ಅಲ್ಲಿ ಪುಸ್ತಕ ಭಂಡಾರ, ಉಪನ್ಯಾಸ, ಅಧ್ಯಯನ ಗೋಷ್ಠಿ. ಪದವಿ ಪಡೆದ ಯುವಕರು ಸಂಜೆ ಬಂದು ಪದವಿಯಿಲ್ಲದ ಮುದುಕರ ಮುಂದೆ ಕೂತು ಪಾಠ ಕೇಳುತ್ತಿದ್ದರು. ಅದರಲ್ಲಿ ಪರೀಕ್ಷೆ ಇಲ್ಲ, ಸರ್ಟಿಫಿಕೇಟ್ ಇಲ್ಲ. ಮಾತಿನ ನಡುವೆ ನಗು, ಹಾಸ್ಯ ಧಾರಾಳ. ಡಿ.ವಿ.ಜಿ. ಊಟ ತಿಂಡಿಯಲ್ಲೂ ರಸಿಕರೆಂದು ಹೆಸರಾದವರು. ವಿರಾಗಿ ಎಂದರೆ ಗಂಟು ಮುಖ ಹಾಕಿಕೊಂಡವರು ಎಂದು ಮಕ್ಕಳು ತಿಳಿಯಬಾರದು, ಅದಕ್ಕೇ ಹೇಳಿದೆವು.

1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಿ.ಲಿಟ್. ಪದವಿ ಕೊಟ್ಟಿತು. ಮೆಟ್ರಿಕ್‌ನಲ್ಲಿ ಬಿದ್ದು ಐವತ್ತು ವರ್ಷ ದಾಟಿದ ಮೇಲೆ ಗುಂಡಪ್ಪನವರು ಡಾಕ್ಟರ್ ಗುಂಡಪ್ಪನವರಾದರು. ಜನ ಮಾತ್ರ ಡಿ.ವಿ.ಜಿ. ಎಂದೇ ಕರೆದರು. ಆ ಮೂರು ಅಕ್ಷರದ ಹಿಂದೆ ಮುಂದೆ ಏನೂ ಬೇಕಾಗಿರಲಿಲ್ಲ. 1970ರಲ್ಲಿ ಬೆಂಗಳೂರಿನಲ್ಲಿ ನಾಗರಿಕರು ದೊಡ್ಡ ಸನ್ಮಾನ ಮಾಡಿ ನಿಧಿ ಅರ್ಪಿಸಿದರು. ಜೀವನವಿಡೀ ಕೈಬಿಗಿದು ಬಾಳಿದವರು ಆ ಹಣವನ್ನು ಅಲ್ಲೇ ಗೋಖಲೆ ಸಂಸ್ಥೆಗೆ ಕೊಟ್ಟುಬಿಟ್ಟರು. 1974ರಲ್ಲಿ ಭಾರತ ಸರ್ಕಾರ ಪದ್ಮಭೂಷಣ ಕೊಟ್ಟಿತು. 1975ರ ಅಕ್ಟೋಬರ್ 7ರಂದು, 88ನೇ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. 1988ರಲ್ಲಿ ಅವರ ಚಿತ್ರದ ಅಂಚೆಚೀಟಿ ಬಂತು. ಬಸವನಗುಡಿಯಲ್ಲಿ ಅವರ ಹೆಸರಿನ ರಸ್ತೆಯಿದೆ. ಗಾಂಧಿ ಬಜಾರಿಗೆ ಹೂವು ಹಣ್ಣು ಕೊಳ್ಳಲು ಹೋದಾಗ ನೀವೂ ಆ ರಸ್ತೆಯಲ್ಲಿ ನಡೆದಿರುತ್ತೀರಿ. ಮುಂದಿನ ಸಲ ಹೋದಾಗ ಬ್ಯೂಗಲ್ ರಾಕ್ ಉದ್ಯಾನದಲ್ಲಿರುವ ಅವರ ಪ್ರತಿಮೆಯನ್ನೂ ಮಕ್ಕಳಿಗೆ ತೋರಿಸಿ.

ಇನ್ನು ಆ ಮನೆಯ ವಿಷಯ. ಈ ಲೇಖನದ ಕರಡನ್ನು ಮೊದಲು ಆ ತಾಯಿಗೇ ಓದಲು ಕೊಟ್ಟೆವು. ಅವರ ಒಪ್ಪಿಗೆ ಪಡೆದೇ ಅಚ್ಚಿಗೆ ಕಳಿಸಿದ್ದೇವೆ. ಮಗ ಅಪ್ರೆಂಟಿಸ್ ಆಗಿ ಸೇರಿದ್ದಾನೆ. ತಂದೆ ಮೂರು ವಾರ ಮಾತು ಬಿಟ್ಟಿದ್ದರಂತೆ. ಆಮೇಲೆ ಒಂದು ದಿನ ಅವರೇ ಬೆಳಿಗ್ಗೆ ಐದೂವರೆಗೆ ಎದ್ದು ಅವನನ್ನು ಕೆಲಸದ ಜಾಗಕ್ಕೆ ಕಾರಿನಲ್ಲಿ ಬಿಟ್ಟು ಬಂದರಂತೆ. ನಮ್ಮ ರಾಜ್ಯೋತ್ಸವದ ದಿನ ವೇದಿಕೆಯ ಹಿಂದೆ ದೀಪಗಳ ಜವಾಬ್ದಾರಿ ಹೊತ್ತ ಎಲೆಕ್ಟ್ರಿಷಿಯನ್‌ಗೆ ಏಣಿ ಹಿಡಿದುಕೊಂಡು ನಿಂತಿದ್ದವನು ಅವನೇ. ಕನ್ನಡ ತರಗತಿಗೆ ಈಗಲೂ ಬರುತ್ತಾನೆ, ಈಗಲೂ ತಡವಾಗಿಯೇ ಬರುತ್ತಾನೆ.

ಅವನ ತಾಯಿ ನಮ್ಮ ಶಾಲೆಯ ಕಪಾಟಿನಿಂದ ಜ್ಞಾಪಕ ಚಿತ್ರಶಾಲೆಯ ಒಂದು ಸಂಪುಟವನ್ನು ಎರಡು ವಾರಕ್ಕೆಂದು ತೆಗೆದುಕೊಂಡು ಹೋದರು. ನಾಲ್ಕು ತಿಂಗಳಾಯಿತು, ಇನ್ನೂ ಹಿಂದಿರುಗಿಸಿಲ್ಲ. ಕಳೆದ ವಾರ ಎರಡನೆಯ ಸಂಪುಟ ಇದೆಯೇ ಎಂದು ಕೇಳಿದರು.